ಕಣಗಲಾದ ಹೌಸಿ ನಮ್ಮ ಮನೆಯಲ್ಲಿ ಕಲಿತದ್ದು

…ಅಥವಾ ಆ ಗೋಡೆಗೆ ಕಿಂಡಿಯೇ ಇರಲಿಲ್ಲವೇನೋ. ಇಷ್ಟು ವರ್ಷ ನಾನು ಅದನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೇನೆ: ಅಡುಗೆಮನೆಯ ಪಡುವಣ ಗೋಡೆ, ಅದರಲ್ಲಿ ಎರಡು ಗೇಣಿನ ಕಿಂಡಿ, ಕಿಂಡಿಯ ಆಚೆ ಕುದುರೆಯ ಕಿವಿ. ಒಲೆಯ ಹೊಗೆ ಅಲ್ಲಿಂದ ಹೊರಗೆ ಹೋಗುತ್ತಿತ್ತು, ಕುದುರೆಯ ಉಸಿರು ಅಲ್ಲಿಂದಲೇ ಒಳಗೆ ಬರುತ್ತಿತ್ತು ಎಂದು ಒಮ್ಮೆ ಎಲ್ಲೋ ಬರೆದೂ ಇದ್ದೇನೆ. ಅದನ್ನು ಓದಿದ ನನ್ನ ಅಣ್ಣ ಫೋನ್ ಮಾಡಿದ.

“ಅಲ್ಲ ಸಾವಿ, ಎಲ್ಲೀದು ಕಿಂಡಿ? ಆ ಗ್ವಾಡಿ ಎದಿ ಮಟ ಇತ್ತು, ಮ್ಯಾಲ ಎಲ್ಲಾ ಖುಲ್ಲಾ. ಹೊಗಿ ಹೋಗಾಕ ಕಿಂಡಿ ಯಾಕ ಬೇಕು?”

ಅಣ್ಣನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಅವನ ನೆನಪಿನಲ್ಲಿ ನಾಗನೂರಿನ ಆ ಮನೆ ದೊಡ್ಡದು, ನನ್ನ ನೆನಪಿನಲ್ಲಿ ಕತ್ತಲೆಯದು. ಈಗ ಆ ಜಾಗದಲ್ಲಿ ಬೇರೆಯವರ ಸಿಮೆಂಟಿನ ಕಟ್ಟಡವಿದೆ. ಗೋಡೆಯನ್ನು ಕೇಳುವ ಹಾಗಿಲ್ಲ. ಕಿಂಡಿಯೋ ಮೋಟುಗೋಡೆಯೋ, ಅಡುಗೆಮನೆಯ ಸದ್ದು ಕುದುರೆಗೆ ಚೆನ್ನಾಗಿ ಕೇಳುತ್ತಿತ್ತು. ಇಷ್ಟನ್ನು ಮಾತ್ರ ನಾವಿಬ್ಬರೂ ಜಗಳವಿಲ್ಲದೆ ಒಪ್ಪುತ್ತೇವೆ, ನಾನು ಹೇಳಬೇಕಾದದ್ದಕ್ಕೆ ಅಷ್ಟು ಸಾಕು.

ಮುಂಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ಪ್ರಾಣಿಗಳ ಜಾಗ. ಎರಡು ಎತ್ತು, ಒಂದು ಎಮ್ಮೆ, ಅವುಗಳ ಪಕ್ಕದಲ್ಲಿ ಯಾರದೋ ಕುದುರೆ. ಕಲ್ಲಿನ ಗೋದಲಿಯಲ್ಲಿ ಮೇವು. ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಒಂದು ಮೂಲೆಯಲ್ಲಿ ಅವ್ವ ಲಿಂಗಪೂಜೆಗೆ ಕೂರುವ ಮಣೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ‘ಯಾರದೋ ಕುದುರೆ’ ಎಂದೆ, ಅದಕ್ಕೆ ಕಾರಣವಿದೆ. ನಮಗೆ ಸ್ವಂತ ಕುದುರೆ ಎಂದೂ ಇರಲಿಲ್ಲ. ಗೋಕಾಕದ ಟಾಂಗಾದವರು, ಹುಕ್ಕೇರಿ ಕಡೆಯ ಮದುವೆ ಕುದುರೆ ಸಾಕಿದವರು, ಮೂಡಲಗಿಯ ಸುತ್ತ ಒಂದು ಎತ್ತು ಒಂದು ಕುದುರೆ ಕಟ್ಟಿ ಗಾಡಿ ಓಟದ ಶರ್ಯತ್ತಿಗೆ ಇಳಿಯುವ ರೈತರು ತಮ್ಮ ಕುದುರೆಯ ಜೊತೆಗೇ ಬಂದು ನಮ್ಮ ಪಡಸಾಲೆಯಲ್ಲಿ ಎರಡು ವಾರ, ಮೂರು ವಾರ ಉಳಿಯುತ್ತಿದ್ದರು. ಕುದುರೆ ಬಿಟ್ಟುಹೋಗುತ್ತೇವೆ, ಪಳಗಿಸಿ ಇಡಿ ಎಂದವರನ್ನು ಅಪ್ಪ ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದ.

“ನಾ ಕಲಿಸಿದ್ರ ಅದು ನನ್ನ ಮಾತು ಕೇಳತೈತಿ. ನಿಮಗೇನ ಬಂತು? ಹಗ್ಗ ನಿಮ್ಮ ಕೈಯಾಗ ಇರಬೇಕು. ನನ್ನ ಕೈ ನನ್ನ ಬೆನ್ನ ಹಿಂದ.”

ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ. ಅಂಗಳದಲ್ಲಿ ಪಾಠ ನಡೆಯುವಾಗ ಅಪ್ಪ ನಿಜವಾಗಿಯೂ ಎರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಕುದುರೆ ಮುಂಗಾಲು ಎತ್ತಲಿ, ಮಾಲಕ ಬೀಳಲಿ, ಆ ಕೈ ಬಿಚ್ಚುತ್ತಿರಲಿಲ್ಲ. ಹರೆಯದಲ್ಲಿ ಅವನು ಗೋಕಾಕದ ಒಬ್ಬ ಸಾವಕಾರರ ಲಾಯದಲ್ಲಿ ಕೆಲಸಕ್ಕಿದ್ದನಂತೆ. ಅಲ್ಲಿ ಅವನು ಪಳಗಿಸಿದ ಒಂದು ಕುದುರೆ ಅವನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅವನು ಕೆಲಸ ಬಿಟ್ಟ ಮೇಲೆ ಉಳಿದವರು ಅದನ್ನು ಹೊಡೆದರು. ಹೊಡೆತಕ್ಕೆ ಅದರ ಒಂದು ಕಣ್ಣು ಹೋಯಿತು ಎಂದು ಅಪ್ಪ ಹೇಳುತ್ತಿದ್ದ. ಕುದುರೆಯೇ ಸತ್ತುಹೋಯಿತು ಎಂದು ಅವ್ವ ನಮಗೆ ಬೇರೆಯಾಗಿ ಹೇಳಿದ್ದಳು. ಯಾವುದು ಖರೆ ಎಂದು ನಾನು ವಿಚಾರಿಸಲಿಲ್ಲ. ಕೈ ಬೆನ್ನ ಹಿಂದೆ ಹೋದದ್ದಂತೂ ಖರೆ. ಸುತ್ತಲಿನ ಊರುಗಳಲ್ಲಿ ಅವನನ್ನು ‘ಮಾಸ್ತರ’ ಎಂದು ಕರೆಯುತ್ತಿದ್ದರು. ಸಾಲಿಯಲ್ಲಿ ನನ್ನನ್ನು ‘ಕುದುರೆ ಮಾಸ್ತರನ ಮಗಳು’ ಎಂದರೆ ನಾನು ಕುತ್ತಿಗೆ ಸ್ವಲ್ಪ ಎತ್ತಿಯೇ ನಡೆಯುತ್ತಿದ್ದೆ. ಇವತ್ತಿಗೂ ಆ ಕುತ್ತಿಗೆ ಪೂರ್ತಿ ಇಳಿದಿಲ್ಲ.

ಮನೆಯ ಕಟ್ಟಳೆಗಳು ಹೀಗಿದ್ದವು. ಮಾಲಕ ತನ್ನ ಕುದುರೆಗೆ ತನ್ನ ಕೈಯಿಂದ ಹುರಳಿ ತಿನ್ನಿಸಿದ ಮೇಲೆಯೇ ತಾನು ಉಣ್ಣಬೇಕು. ಮೈ ತಿಕ್ಕುವುದು, ಲದ್ದಿ ಬಳಿಯುವುದು ಅವನದೇ ಕೆಲಸ, ಎಷ್ಟು ದೊಡ್ಡ ಮನೆತನದವನಾದರೂ ಸರಿ. ಅಪ್ಪ ಬೆಳಿಗ್ಗೆ ಹೊಲಕ್ಕೆ ಹೋಗಿಬಿಡುತ್ತಿದ್ದ, ಹಾಗಾಗಿ ಪಾಠ ಸಂಜೆ, ಬಿಸಿಲು ಇಳಿದ ಮೇಲೆ, ದೀಪ ಹಚ್ಚುವ ಮೊದಲು. ಅವ್ವನ ಕಟ್ಟಳೆ ಒಂದೇ: ಹಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ ಮನುಷ್ಯರಿಗಲ್ಲ, ಕೆಳಗೆ ಕಟ್ಟಿದ ಪ್ರಾಣಿಗೆ. ಅವ್ವ ರೊಟ್ಟಿಯ ಹಿಟ್ಟು ಕಲಸುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತಿಗೆ ಪಾಠ ಮುಗಿದಿರುತ್ತಿತ್ತು. ಈ ಎರಡು ಕೆಲಸಗಳು ಒಂದಕ್ಕೊಂದು ಎಂದೂ ತಾಕಿರಲಿಲ್ಲ, ರತ್ನಾಬಾಯಿ ಬರುವವರೆಗೆ.

ರತ್ನಾಬಾಯಿ ಕಣಗಲಾದ ಜೈನರ ಮನೆಯ ಸೊಸೆ. ಕುದುರೆ ಹಿಡಿದುಕೊಂಡು ನಮ್ಮ ಮನೆಗೆ ಬಂದ ಮೊದಲ ಹೆಂಗಸು. ಅವಳ ಗಂಡ ಒಂದು ಕುದುರೆಯ ಗಾಡಿಯಲ್ಲಿ ದಿನಾ ಬೆಳಿಗ್ಗೆ ಸಂಕೇಶ್ವರಕ್ಕೆ ಹಾಲು ಒಯ್ಯುತ್ತಿದ್ದ. ಒಂದು ದಿನ ಹಾಲಿನ ಕ್ಯಾನುಗಳು ಉರುಳಿ, ಸದ್ದಿಗೆ ಕುದುರೆ ಬೆದರಿ, ಗಾಡಿ ಮಗುಚಿ ಅವನ ಸೊಂಟ ಮುರಿದಿತ್ತು. ಅವನು ಹಾಸಿಗೆ ಹಿಡಿದ. ಕುದುರೆ ಅಂದಿನಿಂದ ಗಾಡಿಯ ಕೋಲುಗಳು ಬೆನ್ನಿಗೆ ತಾಕಿದರೆ ಸಾಕು, ಹಾರುತ್ತಿತ್ತು. ಮೈದುನ ಬಾಬೂ ಅದನ್ನು ಮಾರಿಬಿಡೋಣ, ಹಾಲು ನನ್ನ ಎತ್ತಿನ ಗಾಡಿಯಲ್ಲಿ ಹೋಗಲಿ ಎಂದ. ರತ್ನಾಬಾಯಿ ಇದನ್ನೆಲ್ಲ ನಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು.

“ಮಾರೋದಕ್ಕ ನಂದೇನ ತಕರಾರ ಇಲ್ಲರಿ ಕಾಕಾರ. ಆದ್ರ ಕುದರಿ ಹೋತಂದ್ರ ಉಪ್ಪು ತರಾಕೂ ಬಾಬೂನ ಮುಖಾ ನೋಡಬೇಕು. ಗಾಡಿ ನಾನ ಹೊಡಿತೇನಿ. ನನಗ ಕಲಸ್ರಿ.”

“ಗಾಡಿ ಹೊಡದೀರೇನ್ರಿ ಹಿಂದ?”

“ಎತ್ತಿಂದು ಹೊಡದೇನಿ. ಎತ್ತು ನನ್ನ ಮಾತು ಕೇಳತಾವು. ಇದು ಹೆಣ್ಣು ಕುದರಿ, ಇದಕ ನನ್ನಂಗನ ಹಟ.”

ಅಪ್ಪ ನಕ್ಕ. ಕುದುರೆಯ ಹೆಸರು ಹೌಸಿ. ಕಂದು ಬಣ್ಣ, ಹಣೆಯ ಮೇಲೆ ಓರೆಯಾಗಿ ಒಂದು ಬಿಳಿ ಗೀರು. ಬಿಳಿ ಗೀರು ಇದ್ದದ್ದು ಇನ್ನೊಂದು ಕುದುರೆಗೆ ಎಂದು ಅಣ್ಣ ವಾದಿಸುತ್ತಾನೆ. ಇರಲಿ.

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮನೆಗೆ ಬಂದವರನ್ನು ಉಪವಾಸ ಮಲಗಿಸುವುದು ಅವ್ವನಿಂದ ಆಗದ ಕೆಲಸ. ಹಾಗಾಗಿ ಮರುದಿನದಿಂದಲೇ ಅವ್ವ ರೊಟ್ಟಿಯನ್ನು ಹೊತ್ತು ಮುಳುಗುವ ಮೊದಲೇ ಬಡಿಯತೊಡಗಿದಳು. ರತ್ನಾಮಾವಶಿಗೆ (ಮಾವಶಿ ಎಂದರೆ ಚಿಕ್ಕಮ್ಮ, ನಾನು ಅವಳನ್ನು ಹಾಗೆ ಕರೆಯುತ್ತಿದ್ದೆ) ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದ ಪಲ್ಯ ಬೇರೆ ಪಾತ್ರೆಯಲ್ಲಿ. ಮೂರು ವಾರ ನಾವೆಲ್ಲರೂ ಹೊತ್ತಿನೊಳಗೇ ಉಂಡೆವು. ಅಣ್ಣ ಮಲಗುವ ಹೊತ್ತಿಗೆ ಮತ್ತೆ ಹಸಿವು ಎಂದು ಅಳುತ್ತಿದ್ದ. ಇದನ್ನು ಅವನು ಒಪ್ಪುವುದಿಲ್ಲ, ಆದರೆ ಇದು ನನಗೆ ಸ್ಪಷ್ಟವಾಗಿ ಗೊತ್ತು. ಹೀಗೆ ಕೆಳಗೆ ಅಂಗಳದಲ್ಲಿ ಹೌಸಿಯ ಪಾಠ, ಮೇಲೆ ಅಡುಗೆಮನೆಯಲ್ಲಿ ಮರದ ಹಲಗೆಯ ಮೇಲೆ ಟಪ್ ಟಪ್ ಟಪ್. ರೊಟ್ಟಿ ತಿರುಗುವ ಸದ್ದು, ಅವ್ವನ ಬಳೆಯ ಸದ್ದು. ಮೊದಲ ರೊಟ್ಟಿ ಹಂಚಿನಿಂದ ಇಳಿದೊಡನೆ ಅವ್ವ ಕೂಗುತ್ತಿದ್ದಳು: “ರತ್ನಾ, ಇದು ಹೌಸೀದು.” ಮಾವಶಿ ಬಂದು ಇಸಿದುಕೊಂಡು ತನ್ನ ಕೈಯಿಂದಲೇ ತಿನ್ನಿಸುತ್ತಿದ್ದಳು. ಅಪ್ಪನ ಕಟ್ಟಳೆ ಎಲ್ಲಿಯೂ ಮುರಿಯಲಿಲ್ಲ. ಒಂದು ವಾರದಲ್ಲಿ ಹೌಸಿ ಕೋಲುಗಳ ನಡುವೆ ನಿಂತಿತು. ಎರಡು ವಾರಕ್ಕೆ ಪಟ್ಟಿ ಬಿಗಿಸಿಕೊಂಡಿತು. ಮೂರನೆಯ ವಾರದಲ್ಲಿ ಮಾವಶಿ ಖಾಲಿ ಕ್ಯಾನುಗಳನ್ನು ಗಾಡಿಯಲ್ಲಿ ಹಾಕಿ ಊರ ಹೊರಗಿನವರೆಗೆ ಹೋಗಿಬಂದಳು. ಬೆದರಿದ ಕುದುರೆ ಇಷ್ಟು ಬೇಗ ಎಂದೂ ಕಲಿತಿರಲಿಲ್ಲ. ಹೆಂಗಸೊಬ್ಬಳು ಹಗ್ಗ ಹಿಡಿದು ಬೀದಿಯಲ್ಲಿ ಗಾಡಿ ಹೊಡೆಯುವುದನ್ನು ನೋಡಲು ಕಟ್ಟೆಯ ಮೇಲೆ ಜನ ಸೇರಿದ್ದರು. ಅಪ್ಪ ಮೂಗಿನಿಂದ ಒಂದು ಸಣ್ಣ ಸದ್ದು ಮಾಡಿದ. ಅವನ ಹೆಮ್ಮೆ ಹೊರಬರುತ್ತಿದ್ದದ್ದು ಹಾಗೆ.

ಮಾವಶಿ ಹೌಸಿಯೊಡನೆ ಊರಿಗೆ ಹೋಗಿ ಎಂಟು ದಿನವೂ ಆಗಿರಲಿಲ್ಲ, ಕುದುರೆಯಿಲ್ಲದೆ ಬಸ್ಸಿನಲ್ಲಿ ಒಬ್ಬಳೇ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

“ಕಾಕಾರ, ನಿಮ್ಮ ಮನ್ಯಾಗ ನಿಂತಿದ್ದು ನಮ್ಮ ಮನ್ಯಾಗ ನಿಲ್ಲವಲ್ದರಿ.”

“ನಿಲ್ಲತೈತಿ. ನೀವು ಅವಸರ ಮಾಡಿರಬೇಕು.”

“ಮಾಡಿಲ್ಲರಿ. ನೀವು ಹೇಳಿದಂಗನ ಹಗ್ಗ ಸಡಲ ಬಿಟ್ಟೇನಿ, ಬಾಜೂಕ ನಿಂತೇನಿ. ಕೋಲು ತಾಕಿದ್ದ ತಡ, ಕಾಲು ಎತ್ತತೈತಿ.”

“ಹಂಗಾರ ಕೈ ನಡಗಿರಬೇಕು.”

“ನಡಗೋ ಕೈ ಇಲ್ಲೂ ನಡಗತಿತ್ತಲ್ರಿ? ಮೂರು ವಾರ ನೀವ ನೋಡೀರಿ. ಬರೋ ಸಂತಿಗೆ ಹೌಸೀನ ಹೊಡಕೊಂಡು ಹೋಗತೇನಿ ಅಂತ ಬಾಬೂ ಕುಂತಾನ.”

ಅಡುಗೆಮನೆಯಿಂದ ಅವ್ವ ಬಂದಳು, ಕೈಯಲ್ಲಿ ನೀರಿನ ತಂಬಿಗೆ.

“ಏನ್ರಿ, ಆಕಿ ಮ್ಯಾಲ ಯಾಕ ಹಾಕ್ತೀರಿ? ಮೊದಲ ನೀರರ ಕುಡೀಲಿ.”

“ನೀ ಸುಮ್ಮನಿರು. ಇದು ಕುದರಿ ಮಾತು.”

“ಕುದರಿ ನನ್ನ ಅಡಗಿಮನಿ ಬಾಜೂಕ ಕಟ್ಟೀರಿ. ಮಾತು ನನಗೂ ಬರತೈತಿ.”

ಅವರಿಬ್ಬರೂ ಪರರ ಮುಂದೆ ಹೀಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಕಣಗಲಾಕ್ಕೆ ಹೊರಡಲು ಕೋಟು ಹಾಕಿಕೊಂಡ. ಅವ್ವ ನಾನೂ ಬರುತ್ತೇನೆ, ರತ್ನಾಳ ಗಂಡನನ್ನು ನೋಡಿ ಮಾತಾಡಿಸಿ ಬರಬೇಕು ಎಂದಳು. ಅವಳು ಅದುವರೆಗೆ ಯಾವ ಮಾಲಕರ ಮನೆಗೂ ಹೋದವಳಲ್ಲ. ಅಣ್ಣನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ನನ್ನನ್ನು ಕರೆದುಕೊಂಡರು. ಅಂದರೆ ಮುಂದಿನದಕ್ಕೆ ಮಕ್ಕಳಲ್ಲಿ ನಾನೊಬ್ಬಳೇ ಸಾಕ್ಷಿ, ನನ್ನನ್ನು ತಿದ್ದುವವರಿಲ್ಲ. ಅದಕ್ಕೇ ಇಲ್ಲಿಂದ ಮುಂದೆ ಬರೆಯುವಾಗ ನನಗೆ ನನ್ನ ಮೇಲೆ ಅನುಮಾನ ಹೆಚ್ಚು. ಅವ್ವ ಒಂದು ಗಂಟಿನಲ್ಲಿ ಜೋಳದ ಹಿಟ್ಟು ಕಟ್ಟಿಕೊಂಡಳು. ಅವರದು ಗೋಧಿಯ ಮನೆ, ಅಪ್ಪನಿಗೆ ಚಪಾತಿ ಎರಡು ದಿನ ತಿಂದರೆ ಹೊಟ್ಟೆ ಹಿಡಿಯುತ್ತದೆ ಎಂಬುದು ಅವಳು ಕೊಟ್ಟ ಕಾರಣ.

ಕಣಗಲಾದಲ್ಲಿ ಮರುದಿನ ಬೆಳಿಗ್ಗೆ ಹಾಲು ಕರೆದ ಮೇಲೆ ಹೌಸಿಯನ್ನು ಅಂಗಳಕ್ಕೆ ತಂದರು. ರತ್ನಾಮಾವಶಿಯ ಗಂಡ ಪಡಸಾಲೆಯಲ್ಲಿ ಮಲಗಿಕೊಂಡೇ ಬಾಗಿಲ ಕಡೆ ಮುಖ ಮಾಡಿದ್ದ. ಬಾಬೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮಾವಶಿ ಹಗ್ಗ ಹಿಡಿದಳು, ಅಪ್ಪ ಕೈ ಹಿಂದೆ ಕಟ್ಟಿದ. ಕೋಲು ತಾಕಿತು, ಹೌಸಿ ಹಾರಿತು. ಮತ್ತೊಮ್ಮೆ. ಮತ್ತೊಮ್ಮೆ. ಮಾವಶಿ ಏನೂ ತಪ್ಪು ಮಾಡುತ್ತಿರಲಿಲ್ಲ, ನನಗೇ ಕಾಣುತ್ತಿತ್ತು. ಅಪ್ಪನ ಕುತ್ತಿಗೆಯ ಮೇಲೆ ಬೆವರು.

“ಏನ್ರಿ ಮಾಸ್ತರ, ಹೌಸಿ ಸಾಲಿ ಬಿಟ್ಟಾಳೇನ? ನಾಪಾಸ ಆದೋರನ್ನ ಸಂತಿಗೆ ಕಳಸೋದ ಚಲೋ.” ಬಾಬೂ ಹಲ್ಲು ಕಿರಿದ.

ಆಗ ಒಳಗಿನಿಂದ ಸದ್ದು ಬಂತು. ಟಪ್ ಟಪ್ ಟಪ್. ಅವ್ವ ಆ ಮನೆಯ ಒಲೆಯ ಮುಂದೆ ಕೂತು ತಾನು ತಂದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೌಸಿಯ ಎರಡೂ ಕಿವಿ ಮನೆಯ ಕಡೆ ತಿರುಗಿದವು. ಕತ್ತು ಇಳಿಯಿತು. ಮಾವಶಿ ಕೋಲು ಇಳಿಸಿದಳು, ಪಟ್ಟಿ ಬಿಗಿದಳು, ಹೌಸಿ ಕಲ್ಲಿನ ಹಾಗೆ ನಿಂತಿತ್ತು. ಒಳಗೆ ಮಲಗಿದ್ದವನು ಏನೋ ಮರಾಠಿಯಲ್ಲಿ ಅಂದ, ನನಗೆ ಅರ್ಥವಾಗಲಿಲ್ಲ, ಅವನ ದನಿ ಮಾತ್ರ ಒದ್ದೆಯಾಗಿತ್ತು. ಬಾಬೂ ಕಟ್ಟೆಯಿಂದ ಇಳಿದ.

ಅಪ್ಪ ಅಲ್ಲಿಗೇ ಸುಮ್ಮನಿರಬಹುದಿತ್ತು. ಕುದುರೆ ನಿಂತಿತ್ತು, ಬಾಬೂನ ಬಾಯಿ ಮುಚ್ಚಿತ್ತು, ಸಂಜೆಯ ಬಸ್ಸಿಗೆ ನಾವು ಹೊರಟರೆ ಮಾಸ್ತರನ ಹೆಸರು ಉಳಿಯುತ್ತಿತ್ತು. ಅವನು ಒಂದು ಸಲ ಕುದುರೆಯ ಕಿವಿ ನೋಡಿದ, ಒಂದು ಸಲ ಅಡುಗೆಮನೆಯ ಬಾಗಿಲು ನೋಡಿದ. ಮೂರು ವಾರದ ಸಂಜೆಗಳು ಅವನ ತಲೆಯಲ್ಲಿ ಸಾಲಾಗಿ ಹಾದುಹೋಗಿರಬೇಕು. ಹಾಗೆಂದು ನಾನು ಈಗ ಊಹಿಸುತ್ತೇನೆ. ಆಗ ನಾನು ಕಂಡದ್ದು ಅವನು ಕೈ ಬಿಚ್ಚಿದ್ದು.

“ಬಾಬೂ, ಇದು ನಾ ಕಲಿಸಿದ್ದಲ್ಲಪ್ಪಾ. ನಮ್ಮ ಮನಿಯಾಕಿ ರೊಟ್ಟಿ ಸದ್ದಿಗೆ ನಿಂತೈತಿ. ಸದ್ದು ಇಲ್ಲಂದ್ರ ಮತ್ತ ಹಾರತೈತಿ. ತಪ್ಪು ನಂದು, ರತ್ನಾಬಾಯಿದಲ್ಲ.”

“ಹಂಗಾರ ನಮ್ಮ ವೈನಿ ಸಂಕೇಶ್ವರಕ್ಕ ಗಾಡ್ಯಾಗ ಒಲಿ ಇಟಗೊಂಡು ಹೋಗಬೇಕೇನ್ರಿ?”

ಸುತ್ತ ನಿಂತವರು ನಕ್ಕರು. ಸದ್ದು ನಿಂತಿತು, ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನಗದೆ ಇದ್ದವಳು ರತ್ನಾಮಾವಶಿ ಒಬ್ಬಳೇ. ಅವಳು ಹೌಸಿಯ ಕತ್ತಿನ ಮೇಲೆ ಕೈ ಇಟ್ಟುಕೊಂಡಿದ್ದಳು.

“ತಪ್ಪು ಯಾರದರ ಇರ್ಲಿರಿ ಕಾಕಾರ, ಕುದರಿ ನಂದೈತಿ. ಕಾಕು, ನೀವು ಒಳಗ ಹೋಗ್ರಿ. ನಾ ಅಂದಾಗ ಬಡೀರಿ, ನಾ ಸಾಕಂದ್ರ ನಿಲ್ಲಸ್ರಿ.”

“ರತ್ನಾಬಾಯಿ, ಅದನ್ನ ಹಂಗ ಮಾಡಬಾರದು, ಮೊದಲ—” ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಕಾಕಾರ, ತಡೀರಿ.”

ಅಪ್ಪನಿಗೆ ಯಾರಾದರೂ ತಡೀರಿ ಎಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವನು ತಡೆದ. ಹಿಂದೆ ಸರಿದು ಕೈಗಳನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡ. ಒಳಗೆ ಸದ್ದು ಶುರುವಾಯಿತು. ಮಾವಶಿ ಅದೇ ಲಯಕ್ಕೆ ಹೌಸಿಯ ಕತ್ತನ್ನು ಅಂಗೈಯಿಂದ ತಟ್ಟತೊಡಗಿದಳು. ರೊಟ್ಟಿ ಹಲಗೆಯ ಮೇಲೆ, ಅಂಗೈ ಕತ್ತಿನ ಮೇಲೆ, ಎರಡೂ ಒಂದೇ ಹೊತ್ತಿಗೆ ಬೀಳುವ ಹಾಗೆ. ಅರ್ಧ ಗಂಟೆ ಬರೀ ಅದು. ಗಾಡಿಯ ಕಡೆ ನೋಡಲೂ ಇಲ್ಲ. ಆಮೇಲೆ “ಕಾಕು, ಸಾಕ” ಎಂದಳು. ಒಳಗೆ ನಿಂತಿತು, ಅಂಗೈ ನಿಲ್ಲಲಿಲ್ಲ. ಹೌಸಿ ಚರ್ಮ ನಡುಗಿಸಿತು, ಕಾಲು ಎತ್ತಲಿಲ್ಲ. ಮೊದಲ ದಿನ ಅಷ್ಟಕ್ಕೇ ಬಿಟ್ಟಳು. ಬಾಬೂ ಆಕಳಿಸಿ ಎದ್ದುಹೋದ.

ನಾವು ಎಷ್ಟು ದಿನ ಉಳಿದೆವು ಎನ್ನುವುದು ನನಗೆ ಗಟ್ಟಿಯಾಗಿ ನೆನಪಿಲ್ಲ, ನಾಲ್ಕೋ ಐದೋ. ದಿನದಿಂದ ದಿನಕ್ಕೆ ಒಳಗಿನ ಸದ್ದು ಕಡಿಮೆಯಾಯಿತು, ಹೊರಗಿನ ಅಂಗೈ ಉಳಿಯಿತು. ಮೊದಲು ಹತ್ತು ರೊಟ್ಟಿ, ಆಮೇಲೆ ಮೂರು, ಆಮೇಲೆ ಅವ್ವ ಬರೀ ಹಲಗೆ ಇಟ್ಟುಕೊಂಡು ಕೂತಳು. ಅಪ್ಪ ಬೆನ್ನಿಗೆ ಕೈ ಕಟ್ಟಿಕೊಂಡು ದೂರದಿಂದ ನೋಡುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೆ ಕೈ ತೊಳೆಯುತ್ತ ನಿಂತಿದ್ದಳು, ಒಲೆ ಆರಿತ್ತು. ಮಾವಶಿ ಹೌಸಿಯ ಕತ್ತನ್ನು ಎರಡು ಸಲ ತಟ್ಟಿದಳು, ಬಾಯೊಳಗೇ ತನ್ನ ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಕೋಲು ಇಳಿಸಿದಳು, ಪಟ್ಟಿ ಕಟ್ಟಿದಳು. ಹೌಸಿ ನಿಂತಿತು. ಕ್ಯಾನುಗಳನ್ನು ಗಾಡಿಗೆ ಎತ್ತಿ ಇಟ್ಟವನು ಬಾಬೂ. ಅವನೇ ಕ್ಯಾನಿನ ಮುಚ್ಚಳಗಳು ಸದ್ದು ಮಾಡದಂತೆ ನಡುವೆ ಹುಲ್ಲು ತುರುಕಿದ. ಗಾಡಿ ರಸ್ತೆಗೆ ಇಳಿದು ಸಂಕೇಶ್ವರದ ಕಡೆ ತಿರುಗಿದಾಗ ಅಪ್ಪ ಮೂಗಿನಿಂದ ಆ ಸಣ್ಣ ಸದ್ದು ಮಾಡಿದ. ನಾಗನೂರಿನಲ್ಲಿ ಮಾಡಿದ್ದಕ್ಕಿಂತ ಜೋರಾಗಿತ್ತು. ಅವನ ಕೈಯಿಂದ ಏನೂ ಆಗಿರಲಿಲ್ಲ, ಅವನ ಬಾಯಿಂದಲೂ ಆಗಿರಲಿಲ್ಲ. ತನ್ನ ಕುದುರೆಗೆ ತಾನೇ ದಾರಿ ಹುಡುಕಿದ ಮಾಲಕಿ ಒಬ್ಬಳು ಕಣ್ಣ ಮುಂದೆ ಹೋಗುತ್ತಿದ್ದಳು. ಅವನು ವರ್ಷಗಟ್ಟಲೆ ಕಲಿಸಿದ್ದು ಇದನ್ನೇ ಅಲ್ಲವೇ?

ಅಪ್ಪನ ಕೆಲಸ ನನಗೆ ಬಂತು, ಅಣ್ಣನಿಗಲ್ಲ. ಟಾಂಗಾಗಳು ಹೋದವು, ಈಗ ಬರುವವರು ಶರ್ಯತ್ತಿನವರು, ಮದುವೆ ಕುದುರೆಯವರು. ಯಮಕನಮರಡಿ ಕಡೆಯಿಂದ ಒಬ್ಬ ಲಾರಿ ಮಾಲಕ ಸುಮ್ಮನೆ ಹೌಸಿಗೆಂದು, ಅಂದರೆ ಶೋಕಿಗೆಂದು, ಸಾಕಿದ ಕುದುರೆ ತಂದಿದ್ದ. ಹೌಸಿ ಎನ್ನುವ ಮಾತು ಅವನ ಬಾಯಲ್ಲಿ ಬಂದಾಗ ನಾನು ಒಂದು ಗಳಿಗೆ ತಡೆದೆ. ಬಂದವರು ಕುದುರೆಯ ತಳಿ, ವಯಸ್ಸು, ಓಟ ಹೇಳಲು ಶುರುಮಾಡುತ್ತಾರೆ, ಫೋನಿನಲ್ಲಿ ವಿಡಿಯೋ ತೋರಿಸುತ್ತಾರೆ. ನಾನು ಮೊದಲು ಅವರ ಮನೆಯ ಬಗ್ಗೆ ಕೇಳುತ್ತೇನೆ. ಕುದುರೆ ಎಲ್ಲಿ ಕಟ್ಟುತ್ತೀರಿ, ಆ ಹೊತ್ತಿಗೆ ಮನೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ, ಕುಕ್ಕರ್ ಎಷ್ಟು ಹೊತ್ತಿಗೆ ಕೂಗುತ್ತದೆ, ಟಿವಿ ಯಾವ ಗೋಡೆಗಿದೆ. ಅವರಿಗೆ ಇದು ವಿಚಿತ್ರ ಎನಿಸುತ್ತದೆ. “ಅಕ್ಕಾರ, ಕುದರಿ ಕೇಳ್ರಂದ್ರ ಅಡಗಿ ಕೇಳಾಕತ್ತೀರಲ್ರಿ” ಎಂದು ಮೊನ್ನೆ ಮೂಡಲಗಿಯ ಹುಡುಗನೊಬ್ಬ ನಕ್ಕ. ಪಾಠ ಕೊನೆಯ ವಾರ ನಮ್ಮ ಮನೆಯಲ್ಲಿ ಅಲ್ಲ, ಅವರ ಮನೆಯಲ್ಲಿ ನಡೆಯಬೇಕು ಎನ್ನುವುದು ನಾನು ಸೇರಿಸಿದ ಕಟ್ಟಳೆ. ಅಪ್ಪ ಇದ್ದಾಗಲೇ ಸೇರಿಸಿದೆ, ಅವನು ಬೇಡ ಎನ್ನಲಿಲ್ಲ.

ಒಂದು ವಿಷಯ ಮಾತ್ರ ನನಗೆ ಇಂದಿಗೂ ಸಿಕ್ಕಿಲ್ಲ. ಕಣಗಲಾದ ಆ ಮೊದಲ ಬೆಳಿಗ್ಗೆ ಅವ್ವ ತಿಳಿದು ರೊಟ್ಟಿ ಬಡಿದಳೋ, ಸುಮ್ಮನೆ ಬಡಿದಳೋ? ನಾಗನೂರಿನ ಆ ಮೂರು ವಾರ ಕೆಳಗೆ ನಡೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತೋ? ಗೊತ್ತಿದ್ದೂ, ಗಂಡ ತಾನಾಗಿ ಕಂಡುಕೊಳ್ಳಲಿ ಎಂದು ಬಿಟ್ಟಳೋ? ನಾನು ದೊಡ್ಡವಳಾದ ಮೇಲೆ ಒಮ್ಮೆ ನೇರವಾಗಿ ಕೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಪರರ ಮನ್ಯಾಗ ಸುಮ್ಮ ಕುಂದ್ರಾಕ ಆಗತೈತೇನವಾ?”

ಅದು ಉತ್ತರವೋ, ಉತ್ತರ ಕೊಡದಿರುವ ರೀತಿಯೋ ನನಗೆ ತಿಳಿಯಲಿಲ್ಲ. ಅಪ್ಪ ಅವಳನ್ನು ಇದರ ಬಗ್ಗೆ ಎಂದಾದರೂ ಕೇಳಿದ್ದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಈಗ ಇಬ್ಬರೂ ಇಲ್ಲ.